ಗಂಡಭೇರುಂಡ ಮತ್ತು ಅದರ ಗುರಾಣಿ

ರಾಜ್ಯವೊಂದರ ಲಾಂಛನದಲ್ಲಿ ಪರಕೀಯ ಆಳ್ವಿಕೆಯ ಗುರುತು ಉಳಿದಿದೆಯೇ ಎಂಬುದನ್ನು ತಿಳಿಯಲು ಅದರಲ್ಲಿ ಏನನ್ನು ಚಿತ್ರಿಸಿದ್ದಾರೆ ಎಂದು ನೋಡಿದರೆ ಸಾಲದು. ಚಿತ್ರಿತವಾದದ್ದಕ್ಕೆ ಯಾವ ಸ್ಥಾನ ದೊರೆತಿದೆ, ಆ ಸ್ಥಾನವನ್ನು ಕೊಟ್ಟವರು ಯಾರು ಎಂದೂ ಕೇಳಬೇಕಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾಗಳ ಸರಕಾರಿ ಕಾಗದಪತ್ರಗಳ ಮೇಲಿರುವ ಕರ್ನಾಟಕದ ಲಾಂಛನ ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ. ನಡುವಿನ ಗುರಾಣಿಯಲ್ಲಿ ಎರಡು ತಲೆಯ ಗಂಡಭೇರುಂಡ, ಇಕ್ಕೆಲಗಳಲ್ಲಿ ಆನೆಯ ತಲೆ ಮತ್ತು ಸಿಂಹದ ದೇಹವುಳ್ಳ ಶರಭಗಳು, ಮೇಲೆ ಅಶೋಕನ ಸಿಂಹಶೀರ್ಷ, ಕೆಳಗೆ ಧ್ಯೇಯವಾಕ್ಯ ಎಂಬ ಈ ಜೋಡಣೆಯು, ಯುರೋಪಿನ ಯೋಧರು ತಮ್ಮ ಮನೆತನದ ಗುರುತಾಗಿ ಗುರಾಣಿಯ ಮೇಲೆ ಬರೆಸುತ್ತಿದ್ದ ಚಿಹ್ನೆಗಳಿಂದ ಬೆಳೆದು ಬಂದ ಪದ್ಧತಿಯದಾಗಿದ್ದು, ಮೈಸೂರು ಒಡೆಯರ ಲಾಂಛನದ ಮೂಲಕ ರಾಜ್ಯಕ್ಕೆ ಬಂದಿತು.

ಪಕ್ಷಿಯಾದರೋ ಅದಕ್ಕಿಂತ ಬಹಳ ಹಿಂದಿನದು. ಬನವಾಸಿ ಪ್ರಾಂತವನ್ನು ಆಳುತ್ತಿದ್ದ ಚಾಮುಂಡರಾಯನು 1047ರಲ್ಲಿ ಬಳ್ಳಿಗಾವೆಯಲ್ಲಿ ಭೇರುಂಡಸ್ತಂಭವನ್ನು ನಿಲ್ಲಿಸಿದನು. ಭಟ್ಕಳದ ಬಂದರಿನಿಂದ ಕುದುರೆಗಳನ್ನು ತರಿಸಿಕೊಳ್ಳುತ್ತಿದ್ದ ವಿಜಯನಗರದಲ್ಲಿ ಅಚ್ಯುತರಾಯನು ಅದನ್ನೇ ನಾಣ್ಯಗಳ ಮೇಲೆ ಅಚ್ಚೊತ್ತಿಸಿದನು. ಗುರಾಣಿಯೊಳಗೆ ಸೇರುವ ಮೊದಲೇ ಅದು ಪ್ರಭುತ್ವದ ಚಿಹ್ನೆಯಾಗಿತ್ತು.

ಅಮೆರಿಕ ಖಂಡಗಳಲ್ಲಿ ಎಲ್ಲೆಡೆ ಹೀಗಾಗಲಿಲ್ಲ. ಸ್ಪೇನಿನಿಂದ ಜಮೈಕಾವನ್ನು ಕಸಿದುಕೊಂಡ ಇಂಗ್ಲೆಂಡು 1661ರಲ್ಲಿ ಆ ದ್ವೀಪಕ್ಕೆ ಕೊಟ್ಟ ಲಾಂಛನದಲ್ಲಿ, ಆ ವೇಳೆಗೆ ವಸಾಹತು ಆಳ್ವಿಕೆಯಲ್ಲಿ ಬಹುತೇಕ ಅಳಿದುಹೋಗಿದ್ದ ತೈನೋ ಮೂಲನಿವಾಸಿಗಳ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ, ಇಂಗ್ಲೆಂಡಿನ ಕೆಂಪು ಶಿಲುಬೆಯಿದ್ದ ಗುರಾಣಿಯ ಎರಡು ಬದಿಗಳಲ್ಲಿ ನಿಂತಿದ್ದಾರೆ. ನೆಲದ ಒಡೆಯರನ್ನು ಅನ್ಯರ ಚಿಹ್ನೆಗೆ ಆಧಾರವಾಗಿ ನಿಲ್ಲಿಸಿದ ಈ ಕ್ರಮವನ್ನು ಗೌರವವೆಂದು ಕರೆಯಲಾಗದು. 1962ರ ಸ್ವಾತಂತ್ರ್ಯದೊಡನೆ ಅಲ್ಲಿ ಧ್ಯೇಯವಾಕ್ಯ ಬದಲಾಯಿತು, ಚಿತ್ರ ಬದಲಾಗಲಿಲ್ಲ. ಮೆಕ್ಸಿಕೋ ಬೇರೆ ದಾರಿ ಹಿಡಿಯಿತು: ಸ್ಪೇನಿನ ದೊರೆ 1523ರಲ್ಲಿ ಮೆಕ್ಸಿಕೋ ನಗರಕ್ಕೆ ಕೊಟ್ಟಿದ್ದ ಕೋಟೆ ಮತ್ತು ಸಿಂಹಗಳ ಲಾಂಛನವನ್ನು ಅನುಸರಿಸದೆ, ಆ ದೇಶವು ಕಳ್ಳಿಗಿಡದ ಮೇಲೆ ಕುಳಿತ ಅಜ್ಟೆಕರ ಹದ್ದನ್ನೇ ರಾಷ್ಟ್ರಚಿಹ್ನೆಯಾಗಿ ಆರಿಸಿಕೊಂಡಿತು.

ಕರ್ನಾಟಕದ ಲಾಂಛನ ಈ ಎರಡರ ನಡುವೆ ನಿಲ್ಲುತ್ತದೆ. ಇಲ್ಲಿ ಚೌಕಟ್ಟು ಎರವಲಿನದಾದರೂ ಗುರಾಣಿಯ ಒಳಗಿರುವುದು ಈ ನೆಲದ ಚಿಹ್ನೆಯೇ. ಆದುದರಿಂದ ಗುರಾಣಿಯೊಂದನ್ನೇ ಕಂಡು ಇಡಿಯ ಲಾಂಛನವನ್ನು ದಾಸ್ಯದ ಕುರುಹೆನ್ನುವುದು ಅವಸರದ ತೀರ್ಮಾನವಾಗುತ್ತದೆ. ಪಕ್ಷಿಯು ರಾಜರದೇ ಹೊರತು ಪ್ರಜೆಗಳದಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಆದರೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡಕ್ಕೆ ಈ ಲಾಂಛನ ಒಡೆಯರ ಆಜ್ಞೆಯಿಂದ ಬಂದದ್ದಲ್ಲ. ಕನ್ನಡಿಗರ ಏಕೀಕರಣದ ಬೇಡಿಕೆ 1956ರಲ್ಲಿ ಈಡೇರಿದಾಗ ಬಂದದ್ದು. ಬನವಾಸಿ ಇದೇ ಜಿಲ್ಲೆಯಲ್ಲಿರುವುದರಿಂದ, ಕರಾವಳಿಯವರು ಅದನ್ನು ಮೈಸೂರಿನ ಕೊಡುಗೆಯೆಂದು ದೂರವಿಡಲು ಕಾರಣವಿಲ್ಲ.