ರೆಸ್ಯೂಮೆಯಲ್ಲಿ ಇಲ್ಲದ ಸಾಲು

ಕ್ಯಾಂಪಸ್ ಸಂದರ್ಶನದ ಒಂದು ಪ್ರಶ್ನೆಗೆ ನಾವೆಲ್ಲ ಒಂದೇ ಉತ್ತರ ಬಾಯಿಪಾಠ ಮಾಡಿರುತ್ತೇವೆ. 'ನಿಮ್ಮ ದೌರ್ಬಲ್ಯ ಏನು?' ಎಂದರೆ, 'ಕೆಲಸ ಪಕ್ಕಾ ಆಗುವವರೆಗೂ ಬಿಡುವುದೇ ಇಲ್ಲ ಸರ್'. ಇದು ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಜಪಾನಿನ ಕಾದಂಬರಿಕಾರ ಕೆಂಟ ನಿಶಿಮುರ ಬಗ್ಗೆ ಓದಿದಾಗ ಈ ಉತ್ತರ ನೆನಪಾಗಿ ನಾಚಿಕೆಯಾಯಿತು. 1967ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರು ಪ್ರಾಥಮಿಕ ಶಾಲೆಯಲ್ಲಿದ್ದಾಗ ತಂದೆ ಲೈಂಗಿಕ ಅಪರಾಧದಲ್ಲಿ ಜೈಲು ಸೇರಿದರು. ಸಂಸಾರ ಒಡೆಯಿತು. ಹೈಸ್ಕೂಲ್ ಮೆಟ್ಟಿಲು ಹತ್ತಲಿಲ್ಲ. ಹದಿಹರೆಯದಲ್ಲೇ ಬಂದರಿನಲ್ಲಿ ದಿನಗೂಲಿಗೆ ಸರಕು ಹೊತ್ತರು.

ಆ ದಿನಗಳೇ 'ಕುಎಕಿ ರೆಶ್ಶಾ' ಕಾದಂಬರಿಯಾದವು. 'ಜೀತದಂಥ ದುಡಿಮೆಯ ರೈಲು' ಎನ್ನಬಹುದು. ಅದರ ನಾಯಕ ಕಂಟನಿಗೆ 19 ವರ್ಷ, ಕೂಲಿ ದಿನಕ್ಕೆ 5,500 ಯೆನ್. ಬಂದ ಹಣ ಕುಡಿತಕ್ಕೆ ಹೋಗುತ್ತದೆ, ಬಾಡಿಗೆ ಬಾಕಿ ಬೀಳುತ್ತದೆ. ಜೊತೆಗೆ ದುಡಿಯಲು ಬಂದ ವಿದ್ಯಾರ್ಥಿಯೊಬ್ಬ ಗೆಳೆಯನಾಗುತ್ತಾನೆ. ಅಸೂಯೆಯಿಂದ ಆ ಗೆಳೆತನವನ್ನೂ ಕಂಟ ಕೆಡಿಸಿಕೊಳ್ಳುತ್ತಾನೆ. 2011ರಲ್ಲಿ ಇದಕ್ಕೆ ಪ್ರತಿಷ್ಠಿತ ಅಕುತಗಾವ ಪ್ರಶಸ್ತಿ ಬಂತು.

ಲೇಖಕ ತನ್ನ ಬದುಕನ್ನೇ ಬರೆಯುವ ಈ ಪ್ರಕಾರಕ್ಕೆ ಜಪಾನಿನಲ್ಲಿ 'ಶಿಶೋಸೆತ್ಸು' ಎನ್ನುತ್ತಾರೆ. ನಿಶಿಮುರ ಗುರುವೆಂದು ನಂಬಿದ್ದು ಸೀಜೊ ಫುಜಿಸಾವ ಎಂಬ, ಜನ ಮರೆತಿದ್ದ ಲೇಖಕನನ್ನು. 1932ರಲ್ಲಿ ಟೋಕಿಯೊದ ಪಾರ್ಕಿನಲ್ಲಿ ಚಳಿಗೆ ಸತ್ತವನು ಆತ. ಆತನ ಸಮಾಧಿಯ ಪಕ್ಕದಲ್ಲೇ ನಿಶಿಮುರ ತಾವು ಬದುಕಿರುವಾಗಲೇ ತಮ್ಮ ಸಮಾಧಿ ಕಟ್ಟಿಸಿದ್ದರು. 2022ರಲ್ಲಿ, 54ನೇ ವಯಸ್ಸಿನಲ್ಲಿ ತೀರಿಕೊಂಡರು.

'ಓದದಿದ್ದರೂ ಗೆಲ್ಲಬಹುದು' ಎಂಬ ಸ್ಫೂರ್ತಿಯ ಕತೆ ಇದಲ್ಲ. ಅಂಥ ಕತೆಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಸೋಲು ಬರುವುದೇ ಕೊನೆಯ ಗೆಲುವಿಗೆ ಮೆಟ್ಟಿಲಾಗಲು. ನಿಶಿಮುರ ಹಾಗೆ ಮಾಡಲಿಲ್ಲ. ಬಡತನ ನಿಜ, ಜೊತೆಗೆ ತನ್ನ ಸೋಮಾರಿತನ, ಸಿಟ್ಟು, ಹೊಟ್ಟೆಕಿಚ್ಚೂ ನಿಜ ಎಂದು ಎರಡನ್ನೂ ಬರೆದರು. ನಮಗೆ ಕಷ್ಟವಾಗುವುದು ಈ ಎರಡನೆಯದು.

ಕಳೆದ ಸೆಮಿಸ್ಟರಿನಲ್ಲಿ ನನ್ನದೊಂದು ಸಬ್ಜೆಕ್ಟ್ ಹೋಯಿತು. ಗೆಳೆಯರಿಗೆ 'ಪೇಪರ್ ಕಷ್ಟವಿತ್ತು' ಎಂದೆ. ಮನೆಯಲ್ಲಿ 'ರಿಸಲ್ಟ್ ಇನ್ನೂ ಬಂದಿಲ್ಲ' ಎಂದು ಎರಡು ತಿಂಗಳು ತಳ್ಳಿದೆ. ನಿಜವೆಂದರೆ ನಾನು ಓದಿರಲಿಲ್ಲ.

ರೆಸ್ಯೂಮೆಯಲ್ಲಿ ಸೋಲು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಕಂಪನಿಗೆ ಬೇಕಾದ್ದನ್ನು ಕೊಡೋಣ. ಆದರೆ ನಮಗೆ ನಾವೇ ಅದೇ ರೆಸ್ಯೂಮೆ ತೋರಿಸಿಕೊಂಡರೆ ತಿದ್ದಿಕೊಳ್ಳುವುದು ಯಾವುದನ್ನು?

ಕಳೆದ ವಾರ ಅಪ್ಪನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅವರು ಕೇಳಿದ್ದು ಒಂದೇ: 'ಮತ್ತೆ ಪರೀಕ್ಷೆ ಯಾವಾಗ?'