ಒಬ್ಬರ ಗಡ್ಡೆ, ಇಡೀ ಕುಟುಂಬಕ್ಕೆ ಎಚ್ಚರಿಕೆ

ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾದಾಗ ವೈದ್ಯರ ಹಾಗೂ ಬಂಧುಗಳ ಗಮನವೆಲ್ಲ ರೋಗಿಯ ಮೇಲೆ ನೆಡುವುದು ಸಹಜ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆಯ ಒಂದು ತುಣುಕು, ರೋಗಿಯ ಒಡಹುಟ್ಟಿದವರು ಹಾಗೂ ಮಕ್ಕಳಿಗೂ ಮುನ್ಸೂಚನೆ ನೀಡಬಲ್ಲದು ಎಂಬ ಸಂಗತಿಗೆ ನಮ್ಮ ಆರೋಗ್ಯ ನೀತಿಯಲ್ಲಿ ಇನ್ನೂ ತಕ್ಕ ಸ್ಥಾನ ದೊರೆತಿಲ್ಲ.

ಜೀವಕೋಶ ವಿಭಜನೆಗೊಳ್ಳುವ ಮುನ್ನ ಡಿಎನ್‌ಎ ನಕಲಾಗುತ್ತದೆ. ಆಗ ನುಸುಳುವ ದೋಷಗಳನ್ನು ಕರಡು ತಿದ್ದುವವರಂತೆ ಸರಿಪಡಿಸುವ ಪ್ರೋಟೀನುಗಳು ನಮ್ಮಲ್ಲಿವೆ. ಅವು ಕೈಕೊಟ್ಟರೆ, ಡಿಎನ್‌ಎಯಲ್ಲಿ ಒಂದೇ ಅಕ್ಷರಗುಚ್ಛ ಮರುಕಳಿಸುವ ಭಾಗಗಳ ಉದ್ದ ಏರುಪೇರಾಗುತ್ತದೆ. 1993ರಲ್ಲಿ ವಿಜ್ಞಾನಿಗಳು ಕರುಳಿನ ಗಡ್ಡೆಗಳಲ್ಲಿ ಗುರುತಿಸಿದ ಈ ‘ಮೈಕ್ರೋಸ್ಯಾಟಲೈಟ್ ಅಸ್ಥಿರತೆ’ ಸುಮಾರು ಶೇ 15ರಷ್ಟು ಪ್ರಕರಣಗಳಲ್ಲಿ ಕಾಣಿಸುತ್ತದೆ. ಅವುಗಳಲ್ಲಿ ಹೆಚ್ಚಿನವು ವಂಶಪಾರಂಪರ್ಯವಲ್ಲ. ಆದರೆ ಒಟ್ಟು ಪ್ರಕರಣಗಳ ಸುಮಾರು ಶೇ 3ರಷ್ಟಕ್ಕೆ ‘ಲಿಂಚ್ ಸಿಂಡ್ರೋಮ್’ ಎಂಬ ಆನುವಂಶಿಕ ದೋಷವೇ ಕಾರಣ. ತಂದೆ ಅಥವಾ ತಾಯಿಗೆ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ 50.

ತಿಳಿದು ಮಾಡುವುದಾದರೂ ಏನು ಎಂದು ಕೇಳಬಹುದು. ಫಿನ್ಲೆಂಡಿನಲ್ಲಿ ಇಂತಹ ಕುಟುಂಬಗಳನ್ನು 15 ವರ್ಷ ಗಮನಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಶೇ 62ರಷ್ಟು ಕಡಿಮೆಯಾಗಿತ್ತು. ಬ್ರಿಟನ್ನಿನ ಚಿಕಿತ್ಸಾ ಮಾನದಂಡ ಸಂಸ್ಥೆ ‘ನೈಸ್’ 2017ರಲ್ಲಿ, ಕರುಳಿನ ಕ್ಯಾನ್ಸರ್ ಪತ್ತೆಯಾದ ಪ್ರತಿಯೊಬ್ಬರ ಗಡ್ಡೆಯನ್ನೂ ಈ ದೃಷ್ಟಿಯಿಂದ ಪರೀಕ್ಷಿಸಬೇಕೆಂದು ಶಿಫಾರಸು ಮಾಡಿತು.

ನಮ್ಮ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್‌ಗಳು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ಪ್ರಮಾಣ ಇಲ್ಲಿ ಕಡಿಮೆ. ಹೀಗಿರುವಾಗ ಎಲ್ಲರಿಗೂ ಕೊಲೊನೋಸ್ಕೋಪಿ ಎಂಬುದು ಕೈಗೆಟುಕದ ಮಾತು. ಅಪಾಯವಿರುವ ಕುಟುಂಬಗಳನ್ನೇ ಹುಡುಕಿ ತಪಾಸಣೆ ನಡೆಸುವುದು ಸೀಮಿತ ಬೊಕ್ಕಸಕ್ಕೆ ತಕ್ಕ ಮಾರ್ಗ.

ಅರ್ಥಶಾಸ್ತ್ರ ಓದಿ, ಬಳಿಕ ಸರ್ಕಾರಿ ಕಡತಗಳ ನಡುವೆ ದಶಕಗಳನ್ನು ಕಳೆದ ನನಗೆ ಇಲ್ಲಿ ಕಾಣುವುದು ಹಳೆಯ ತೊಡಕೇ: ವೆಚ್ಚ ಒಬ್ಬರದು, ಲಾಭ ಹಲವರದು. ಮುಂದುವರಿದ ಹಂತದಲ್ಲಿ ಸೂಕ್ತ ಔಷಧ ಆರಿಸಲು ವೈದ್ಯರು ಈ ಪರೀಕ್ಷೆ ಮಾಡಿಸುವುದುಂಟು. ಆದರೆ ಆರಂಭಿಕ ಹಂತದಲ್ಲಿ, ಚಿಕಿತ್ಸೆಗೇ ಸಾಲ ಮಾಡಿದ ರೋಗಿ ತಮ್ಮ, ತಂಗಿಯರ ನಾಳೆಗಾಗಿ ಮತ್ತೊಂದು ಬಿಲ್ ತೆರಲಿ ಎಂದು ನಿರೀಕ್ಷಿಸುವುದು ನ್ಯಾಯವೇ? ಮಾರುಕಟ್ಟೆ ಸೋಲುವ ಇಂತಹ ಕಡೆಯೇ ಸರ್ಕಾರದ ಕರ್ತವ್ಯ ಆರಂಭವಾಗುತ್ತದೆ. ಸರ್ಕಾರಿ ವಿಮೆಯಡಿ ನಡೆಯುವ ಪ್ರತಿ ಕರುಳು ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ವೆಚ್ಚದಲ್ಲೇ ಈ ಪರೀಕ್ಷೆಯೂ ಸೇರಬೇಕು.

ಅಷ್ಟೇ ಸಾಲದು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮನೆಯ ಕಾಯಿಲೆಯನ್ನು ಮುಚ್ಚಿಡುವ ಸಮಾಜ ನಮ್ಮದು. ವಂಶವಾಹಿ ಮಾಹಿತಿಯ ಆಧಾರದಲ್ಲಿ ಉದ್ಯೋಗ ಹಾಗೂ ಆರೋಗ್ಯ ವಿಮೆಯಲ್ಲಿ ತಾರತಮ್ಯ ಎಸಗುವುದನ್ನು ಅಮೆರಿಕ 2008ರಲ್ಲೇ ಕಾನೂನಿನ ಮೂಲಕ ನಿಷೇಧಿಸಿತು. ಗೋಪ್ಯತೆಯ ಭರವಸೆ ಹಾಗೂ ತಾಳ್ಮೆಯಿಂದ ವಿವರಿಸುವ ಆಪ್ತಸಮಾಲೋಚಕರು ಇಲ್ಲದಿದ್ದರೆ, ಉಚಿತ ಪರೀಕ್ಷೆಗೂ ಜನ ಹಿಂಜರಿಯುತ್ತಾರೆ. ಗಡ್ಡೆ ನುಡಿಯುವ ಎಚ್ಚರಿಕೆ ಪ್ರಯೋಗಾಲಯದ ವರದಿಯಲ್ಲೇ ಉಳಿಯದೆ, ಅದು ಯಾರಿಗೆ ಸಲ್ಲಬೇಕೋ ಅವರ ಮನೆಬಾಗಿಲು ತಲುಪಬೇಕು.