ಬಾಚಣಿಗೆ ಕೆತ್ತಿದವರ ಹೆಸರೇನು?

ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳಲ್ಲಿ ಮರದ ಪುಟ್ಟ ಬಾಚಣಿಗೆಗಳಿವೆ. ಕೆಳಗೆ ಉದ್ದನೆಯ ಹಲ್ಲುಗಳು, ಮೇಲಿನ ಹಿಡಿಯಲ್ಲಿ ಕರಡಿಯೋ ಕಾಡುಕಾಗೆಯೋ. ಪಕ್ಕದ ಚೀಟಿ ಸಾಮಾನ್ಯವಾಗಿ ಹೀಗಿರುತ್ತದೆ: ಹೈಡಾ ಅಥವಾ ಟ್ಲಿಂಗಿಟ್, 19ನೇ ಶತಮಾನ, ಕಲಾವಿದ ಅಜ್ಞಾತ. ನನ್ನ ತಕರಾರು ಆ ಕೊನೆಯ ಪದದ ಮೇಲೆ.

ಯಾರಿಗೆ ಅಜ್ಞಾತ? ಹೈಡಾಗಳು ಕೆನಡಾದ ಪಶ್ಚಿಮ ಕರಾವಳಿಯಾಚೆಗಿನ ಹೈಡಾ ಗ್ವಾಯ್ ದ್ವೀಪಗಳವರು, ಟ್ಲಿಂಗಿಟರು ಆಗ್ನೇಯ ಅಲಾಸ್ಕಾದವರು. ಇವರಲ್ಲಿ ಪ್ರಾಣಿಯ ರೂಪ ಬರಿಯ ಅಲಂಕಾರವಲ್ಲ. ಕುಲದ ಲಾಂಛನವಾದಾಗ ಅದು ಆ ಕುಲದ ಸ್ವತ್ತು, ಕಂಡಕಂಡವರು ಬಳಸುವಂತಿಲ್ಲ. ಲಾಂಛನ ಕೆತ್ತಿಸಲು ಕುಶಲಿಯನ್ನು ಗೊತ್ತುಮಾಡಿ ಸಂಭಾವನೆ ಕೊಡುತ್ತಿದ್ದರು. ಅಂಥ ಕಡೆ ಕೆತ್ತಿದವರು ಯಾರೆಂದು ಊರಿಗೇ ಗೊತ್ತಿರಲಿಲ್ಲವೆಂದರೆ ನಂಬುವುದು ಹೇಗೆ? ವಸ್ತುಗಳನ್ನು ಒಯ್ದವರಲ್ಲಿ ಬಹುಪಾಲು ಮಂದಿ ಹೆಸರು ಬರೆದಿಡಲಿಲ್ಲ, ಅಷ್ಟೆ. ಒಯ್ದವರ ಹೆಸರು ಮಾತ್ರ ಭದ್ರವಾಗಿದೆ: ಅಮೆರಿಕದ ನೌಕಾದಳದ ಅಧಿಕಾರಿ ಜಾರ್ಜ್ ಎಮನ್ಸ್ ಕಲೆಹಾಕಿದ ಟ್ಲಿಂಗಿಟ್ ವಸ್ತುಗಳು ಇಂದಿಗೂ ‘ಎಮನ್ಸ್ ಸಂಗ್ರಹ’.

ತಲೆ ಬಾಚುವ ಸಾಮಾನಿಗೆ ಕಲಾವಿದನ ಹೆಸರೇಕೆ ಎನ್ನುವವರಿದ್ದಾರೆ. ಅವರು ಹಿಡಿಯನ್ನು ಸರಿಯಾಗಿ ನೋಡಿಲ್ಲ. ಮೊಟ್ಟೆಯಾಕಾರದ ಕಣ್ಣು, ದಪ್ಪವಾಗಿ ಮತ್ತೆ ತೆಳುವಾಗಿ ಹರಿಯುವ ಗೆರೆ. ಪೆಟ್ಟಿಗೆ, ಮನೆಯ ಮುಂಭಾಗಗಳ ಮೇಲೆ ಕಾಣುವ ವ್ಯಾಕರಣವೇ ಇಲ್ಲಿ ಅಂಗೈಯಗಲಕ್ಕೆ ಇಳಿದಿದೆ. ಆ ವ್ಯಾಕರಣವನ್ನು ಬಿಲ್ ಹೋಮ್ 1965ರಲ್ಲಿ ಬಿಡಿಸಿ ತೋರಿಸಿದರು. ಹೈಡಾ ಕಲಾವಿದ ಚಾರ್ಲ್ಸ್ ಎಡನ್‌ಶಾ ಅವರ ಕೈಗುಣವನ್ನು ಇತರರ ಕೆಲಸದಿಂದ ಬೇರ್ಪಡಿಸಿ 1981ರಲ್ಲಿ ಬರೆದವರೂ ಅವರೇ. ಕಣ್ಣಿಟ್ಟು ನೋಡಿದರೆ ಕೈ ಗುರುತು ಸಿಗುತ್ತದೆ.

‘ಸಂಗ್ರಹಾಲಯ ಇರದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ’ ಎಂಬುದು ಇನ್ನೊಂದು ವಾದ. ಉಳಿಯದ ಸ್ಥಿತಿ ತಂದದ್ದು ಯಾರು? 1862ರ ಸಿಡುಬು ಹೈಡಾ ಊರುಗಳನ್ನು ಬರಿದು ಮಾಡಿತು. ಹೆಸರು, ಹಕ್ಕು, ಲಾಂಛನಗಳಿಗೆ ಜನರೆದುರು ಸಾಕ್ಷಿ ಸಿಗುತ್ತಿದ್ದ ಪಾಟ್‌ಲ್ಯಾಚ್ ಔತಣವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು. ನೆನಪಿಡುವ ಸಭೆಯನ್ನೇ ಮುಚ್ಚಿಸಿ, ಆಮೇಲೆ ‘ಅಜ್ಞಾತ’ ಎಂದು ಬರೆಯುವುದು ಯಾವ ನ್ಯಾಯ?

ಚೀಟಿ ಬದಲಾಗಲಿ. ‘ಹೆಸರು ದಾಖಲಿಸಿಲ್ಲ’ ಎಂದಾದರೂ ಬರೆಯಲಿ. ಆಗ ಲೋಪ ಕೆತ್ತಿದವರದಲ್ಲ, ಬರೆದುಕೊಂಡವರದೆಂದು ತಿಳಿಯುತ್ತದೆ. ಹೈಡಾ, ಟ್ಲಿಂಗಿಟ್ ಕುಶಲಿಗಳು ಇಂದೂ ಕೆತ್ತುತ್ತಿದ್ದಾರೆ, ಅವರನ್ನು ಕೇಳಲಿ. ಸಂಶೋಧನೆ ಮಾಡುವ ನಾವೂ ನಮ್ಮ ಪ್ರಬಂಧಗಳಿಗೆ ಆ ಚೀಟಿಯನ್ನು ಕಣ್ಣುಮುಚ್ಚಿ ನಕಲಿಸುವುದನ್ನು ನಿಲ್ಲಿಸೋಣ.